ಕೆರೆ, ಕೋಡಿ, ಮಠ: ಶಿಕಾರಿಪುರದಿಂದ ಬನವಾಸಿಯವರೆಗೆ

ನಾಡಿನ ಇತಿಹಾಸವೆಂದೊಡನೆ ನಮ್ಮ ಮನಸ್ಸು ಹಂಪೆಯತ್ತ, ಬೇಲೂರಿನತ್ತ, ಬಾದಾಮಿಯತ್ತ ಹರಿಯುವುದು ಸಹಜ. ಆ ಸ್ಥಳಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೆದ್ದಾರಿಗಳ ಗದ್ದಲಕ್ಕೆ ಸಿಲುಕದ, ಒಂದು ಹಗಲಿನಲ್ಲಿ ನಿಧಾನವಾಗಿ ಕ್ರಮಿಸಬಹುದಾದ ಒಂದು ಒಳನಾಡಿನ ದಾರಿಯಲ್ಲಿ, ಕನ್ನಡ ಜನತೆಯ ಸಾವಿರ ವರ್ಷಗಳ ಬಾಳಿನ ಕುರುಹುಗಳು ಸಾಲಾಗಿ ನಿಂತಿವೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಿಂದ ಹೊರಟು, ಶಿರಾಳಕೊಪ್ಪ, ತಾಳಗುಂದ, ಬಳ್ಳಿಗಾವಿ, ಬಂದಳಿಕೆಗಳನ್ನು ನೋಡಿಕೊಂಡು, ಉತ್ತರ ಕನ್ನಡ ಜಿಲ್ಲೆಯ ಬನವಾಸಿಯನ್ನು ಸೇರುವ ದಾರಿಯೇ ಅದು. ಪ್ರಾಚೀನ ಶಾಸನಗಳಲ್ಲಿ 'ಬನವಾಸಿ ಪನ್ನಿರ್ಚ್ಛಾಸಿರ' ಎಂದು ಹೆಸರಾದ ನಾಡಿನ ಹೃದಯಭಾಗವಿದು.

ಈ ದಾರಿಯಲ್ಲಿ ಸಾಗುವವನಿಗೆ ಅವಸರ ಸಲ್ಲದು. ಇದು ಪೂರ್ಣ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಮಳೆಗಾಲ ಕಳೆದು ಚಳಿ ಕಾಲಿಡುವ ಹೊತ್ತಿಗೆ ಬಂದರೆ ಎರಡೂ ಬದಿಯ ಗದ್ದೆಗಳಲ್ಲಿ ಭತ್ತ ಬಾಗಿರುತ್ತದೆ. ಏರುನೆಲದಲ್ಲಿ ಮೆಕ್ಕೆಜೋಳ, ತಗ್ಗಿನಲ್ಲಿ ಅಡಿಕೆಯ ತೋಟ, ನಡುನಡುವೆ ಕೆಂಪು ಮಣ್ಣಿನ ದಿಬ್ಬಗಳು. ಆದರೆ ಕಣ್ಣಿಗೆ ಮತ್ತೆ ಮತ್ತೆ ಬೀಳುವುದು ಕೆರೆ. ಊರಿಗೊಂದು ಕೆರೆ, ಕೆಲವು ಊರಿಗೆ ಎರಡು ಮೂರು ಕೆರೆ. ಪ್ರವಾಸಿಗನು ಇವನ್ನು ಬರಿಯ ದೃಶ್ಯವೆಂದು ಭಾವಿಸಿ ಮುಂದೆ ಸಾಗಬಾರದು. ಈ ಸೀಮೆಯ ಇತಿಹಾಸವನ್ನು ತಿಳಿಯುವ ಕೀಲಿಕೈ ಈ ಕೆರೆಗಳಲ್ಲಿಯೇ ಇದೆ ಎಂಬುದನ್ನು ಮುಂದೆ ಕಾಣುವೆವು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು 20 ಕಿಲೋಮೀಟರು. ಈ ಪರಿಸರದಲ್ಲಿಯೇ ಉಡುಗಣಿಯ ಬಳಿ ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಶರಣಸಂಕುಲ ಗೌರವಿಸುವ ಉಡುತಡಿ ಇದೆ. ಈಚಿನ ವರ್ಷಗಳಲ್ಲಿ ಅಲ್ಲಿ ಅಕ್ಕನ ಎತ್ತರವಾದ ಪ್ರತಿಮೆಯೊಂದನ್ನು ನಿಲ್ಲಿಸಲಾಗಿದೆ. ಅಕ್ಕನ ಬದುಕನ್ನು ನಾವು ತಿಳಿಯುವುದು ಮುಖ್ಯವಾಗಿ ಆಕೆಯ ವಚನಗಳಿಂದ, ಹರಿಹರನ ರಗಳೆಯಿಂದ ಮತ್ತು ತರುವಾಯದ ಕಾವ್ಯಗಳಿಂದ. ಅರಮನೆಯ ಒಡೆತನವನ್ನೂ ಕೌಶಿಕನ ಸಿರಿಯನ್ನೂ ತೊರೆದು ಕಲ್ಯಾಣದತ್ತ ನಡೆದ ಆ ಮಹಾತಾಯಿಯ ಪಯಣ ಆರಂಭವಾದದ್ದು ಈ ಕೆರೆಗದ್ದೆಗಳ ನಡುವಿನಿಂದ ಎಂದು ನೆನೆದಾಗ, ಈ ಸಾಧಾರಣ ಹಾದಿಗೂ ಒಂದು ಗಾಂಭೀರ್ಯ ಬರುತ್ತದೆ.

ಶಿರಾಳಕೊಪ್ಪದಿಂದ ಕೆಲವೇ ಕಿಲೋಮೀಟರು ದೂರದಲ್ಲಿ ತಾಳಗುಂದ. ಶಾಸನಗಳ ಸ್ಥಾನಕುಂದೂರು ಇದೇ. ಇಂದು ಇದೊಂದು ಚಿಕ್ಕ ಹಳ್ಳಿ. ಊರಿನ ಪ್ರಣವೇಶ್ವರ ದೇವಾಲಯ ಹೊರನೋಟಕ್ಕೆ ಸರಳವಾದ ಕಟ್ಟಡ. ಶಿಲ್ಪವೈಭವವನ್ನು ಅರಸಿ ಬಂದವರಿಗೆ ನಿರಾಶೆಯಾದೀತು. ಆದರೆ ಅದರ ಮುಂದೆ ನಿಂತಿರುವ ಬೂದುಬಣ್ಣದ ಗಟ್ಟಿಕಲ್ಲಿನ ಎಂಟುಮುಖದ ಕಂಬ ಕರ್ನಾಟಕದ ಇತಿಹಾಸದ ಒಂದು ಆಧಾರಸ್ತಂಭವೇ ಸರಿ. ಕ್ರಿ.ಶ. 5ನೆಯ ಶತಮಾನದ ಸಂಸ್ಕೃತ ಶಾಸನವೊಂದು ಅದರ ಮುಖಗಳ ಮೇಲೆ, ಬುಡದಿಂದ ಮೇಲಕ್ಕೆ ಓದುವಂತೆ, ನೀಳಸಾಲುಗಳಲ್ಲಿ ಕೆತ್ತಲ್ಪಟ್ಟಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಇದನ್ನು ರಚಿಸಿದ ಕವಿಯ ಹೆಸರು ಕುಬ್ಜ.

ಮಯೂರಶರ್ಮನ ಕಥೆಯನ್ನು ಶಾಲೆಯಲ್ಲಿ ಓದದವರು ವಿರಳ. ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದ ತರುಣನು, ಅಲ್ಲಿ ಪಲ್ಲವರ ಕುದುರೆ ಸವಾರನಿಂದ ಅಪಮಾನಿತನಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗವನ್ನು ಹಿಡಿದನೆಂದೂ, ಕಾಡನ್ನು ಆಶ್ರಯಿಸಿ ಪಲ್ಲವರನ್ನು ಕಾಡಿ ಕಡೆಗೆ ಅವರಿಂದಲೇ ಮನ್ನಣೆ ಪಡೆದು ಅರಸನಾದನೆಂದೂ ತಿಳಿಸುವುದು ಈ ಕಂಬವೇ. ಆದರೆ ಈ ಕಂಬವನ್ನು ನಿಲ್ಲಿಸಿದ ಉದ್ದೇಶವೇನು ಎಂದು ಕೇಳಿಕೊಳ್ಳುವವರು ಕಡಿಮೆ. ಅದು ವಿಜಯಸ್ತಂಭವಲ್ಲ. ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ಇಲ್ಲಿಯ ಶಿವಾಲಯಕ್ಕಾಗಿ ಒಂದು ಕೆರೆಯನ್ನು ಕಟ್ಟಿಸಿದನು. ಆ ಕೆರೆಯ ನೆನಪಿಗಾಗಿ ಕೊರೆದ ಶಾಸನವಿದು. ಕೆರೆಯ ಮಾತನ್ನು ಹೇಳಲು ಹೊರಟ ಕವಿ, ಅದನ್ನು ಕಟ್ಟಿಸಿದವನ ವಂಶವನ್ನು ವರ್ಣಿಸುತ್ತ, ಪ್ರಾಸಂಗಿಕವಾಗಿ ಒಂದು ರಾಜ್ಯದ ಹುಟ್ಟನ್ನೇ ಹೇಳಿದನು. ಕನ್ನಡ ನೆಲದ ಮೊದಲ ಸ್ವತಂತ್ರ ರಾಜವಂಶವೊಂದರ ಚರಿತ್ರೆ ನಮಗೆ ದೊರೆತುದು ನೀರಿನ ನೆಪದಲ್ಲಿ!

ಇದೇ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು 2013ರಲ್ಲಿ ಕೈಗೊಂಡ ಉತ್ಖನನದಲ್ಲಿ ಸಿಂಹದ ಆಕೃತಿಯ ಕಟಾಂಜನವೊಂದು ಬೆಳಕಿಗೆ ಬಂದಿತು. ಅದರ ಮೇಲಿನ ಬರಹ ಕ್ರಿ.ಶ. ಸುಮಾರು 370ರ ಕಾಲದ್ದೆಂದು ಅದನ್ನು ಪರಿಶೀಲಿಸಿದ ವಿದ್ವಾಂಸರು ನಿರ್ಣಯಿಸಿದ್ದಾರೆ. ಸುಮಾರು 450ರದೆಂದು ಬಹುಕಾಲದಿಂದ ಹೇಳಲಾಗುತ್ತಿದ್ದ ಹಲ್ಮಿಡಿ ಶಾಸನಕ್ಕಿಂತಲೂ ಇದು ಹಳೆಯದು. ಹೀಗೆ ನಮ್ಮ ನುಡಿಯ ಅತಿ ಪ್ರಾಚೀನ ಬರಹದ ತಾಣವೂ ಈ ಪುಟ್ಟ ಹಳ್ಳಿಯೇ ಆಗಿದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಮರೆಯಬಾರದು. 12ನೆಯ ಶತಮಾನದ ತಾಳಗುಂದದ ಶಾಸನವೊಂದು ಇಲ್ಲಿಯ ವಿದ್ಯಾಕೇಂದ್ರಕ್ಕೆ ಬಿಟ್ಟ ದತ್ತಿಯನ್ನು ವಿವರಿಸುತ್ತದೆ. ವೇದ, ವ್ಯಾಕರಣಾದಿಗಳನ್ನು ಕಲಿಸುವವರಿಗೆ ಮಾತ್ರವಲ್ಲದೆ ಕನ್ನಡ ಅಕ್ಷರವನ್ನು ಕಲಿಸುವ ಉಪಾಧ್ಯಾಯನಿಗೂ ಅದರಲ್ಲಿ ಪಾಲಿದೆ. ವಿದ್ಯಾರ್ಥಿಗಳ ಊಟದ ವೆಚ್ಚಕ್ಕೂ ಏರ್ಪಾಡಿದೆ. ಓದುವ ಮಗುವಿಗೆ ಮೊದಲು ಅನ್ನ ಬೇಕೆಂಬುದನ್ನು ಅಂದಿನವರು ಬಲ್ಲವರಾಗಿದ್ದರು. ಆ ಅನ್ನದ ಪಂಕ್ತಿ ಎಲ್ಲರಿಗೂ ತೆರೆದಿರಲಿಲ್ಲವೆಂಬುದೂ ನಿಜ. ಅಗ್ರಹಾರದ ವಿದ್ಯೆಗೆ ಹುಟ್ಟಿನ ಬೇಲಿಯಿದ್ದಿತು.

ತಾಳಗುಂದದಿಂದ ಬಳ್ಳಿಗಾವಿಗೆ ಹೆಚ್ಚು ದೂರವಿಲ್ಲ. ಶಾಸನಗಳು ಇದನ್ನು ಬಳ್ಳಿಗಾವೆ, ಬಳ್ಳಿಗ್ರಾಮೆ, ಬಲಿಪುರ ಎಂದು ನಾನಾ ಹೆಸರುಗಳಿಂದ ಕರೆದಿವೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಈ ಪಟ್ಟಣ ಈಗ ಗದ್ದೆಗಳ ನಡುವಣ ಒಂದು ಗ್ರಾಮ. ಊರೊಳಗೆ ಕಾಲಿಟ್ಟರೆ ಮನೆಗಳ ನಡುವೆಯೇ ಎತ್ತರವಾದ ಒಂಟಿಕಂಬ ಎದುರಾಗುತ್ತದೆ. 11ನೆಯ ಶತಮಾನದ ಮಧ್ಯಭಾಗದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದು. ಇಂದು ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡವನ್ನು ಮನುಷ್ಯ ದೇಹದೊಡನೆ ಕಂಡರಿಸಿದ ಹಳೆಯ ರೂಪಗಳಲ್ಲಿ ಇದೂ ಒಂದು.

ತ್ರಿಪುರಾಂತಕ ದೇವಾಲಯದ ಜಗತಿಯಲ್ಲಿ ಪಂಚತಂತ್ರದ ಕಥೆಗಳು ಕಲ್ಲಿನಲ್ಲಿ ಮೂಡಿವೆ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳನ್ನು ಕಂಡರಿಸಿದವರಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಪ್ರಮುಖರೆಂಬುದು ಅಲ್ಲಿಯ ಶಿಲ್ಪಗಳ ಕೆಳಗಿನ ಬರಹಗಳಿಂದಲೇ ತಿಳಿದುಬರುತ್ತದೆ. ಬೇಲೂರನ್ನು ನೋಡಿ ಬೆರಗಾದವರು ಆ ಉಳಿಗಳು ಪಳಗಿದ ತವರೂರನ್ನೂ ಒಮ್ಮೆ ನೋಡುವುದು ಉಚಿತ.

ಬಳ್ಳಿಗಾವಿಯ ನಿಜವಾದ ವೈಶಿಷ್ಟ್ಯವಾದರೋ ಮತಗಳ ಸಹಬಾಳ್ವೆ. 1129ರ ಶಾಸನವೊಂದು ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂಬ ಐದು ದೈವಗಳ ಐದು ಮಠಗಳು ಈ ಊರಿನಲ್ಲಿದ್ದುವೆಂದು ಹೆಮ್ಮೆಯಿಂದ ಹೇಳುತ್ತದೆ. 1065ರಲ್ಲಿ ಚಾಲುಕ್ಯ ಆಹವಮಲ್ಲನ ದಂಡನಾಯಕ ರೂಪಭಟ್ಟಯ್ಯನು ಇಲ್ಲಿ ಜಯಂತಿ ಪ್ರಬೌದ್ಧ ವಿಹಾರವೆಂಬ ಬೌದ್ಧ ವಿಹಾರವನ್ನು ಕಟ್ಟಿಸಿದನು. ತಾರಾಭಗವತಿಯ ಪೂಜೆಯೂ ಅಲ್ಲಿ ನಡೆಯುತ್ತಿದ್ದಿತು. ಬೌದ್ಧಮತ ದಕ್ಷಿಣದಲ್ಲಿ ಬಹುಮಟ್ಟಿಗೆ ಅಳಿದಿತ್ತೆಂದು ನಾವು ಭಾವಿಸುವ ಕಾಲದಲ್ಲಿ, ಶೈವಮತದ ಪ್ರಬಲ ಕೇಂದ್ರವಾಗಿದ್ದ ಊರಿನಲ್ಲಿ, ಅದಕ್ಕೊಂದು ಹೊಸ ಮನೆ ದೊರೆಯಿತು.

ಊರಿನ ಅಂಚಿನಲ್ಲಿ, ಕೆರೆಯ ಬಳಿ, ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ ಇದೆ. ಶಾಸನಗಳ ದಕ್ಷಿಣ ಕೇದಾರೇಶ್ವರ ಇದೇ. ನಮ್ಮ ವಾಚಕರು, ಅದರಲ್ಲಿಯೂ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದವರು, ಇಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿ ನಿಲ್ಲಬೇಕು. ಏಕೆಂದರೆ ಈ ದೇವಾಲಯಕ್ಕೆ ಸೇರಿದಂತೆ ಕೋಡಿಯಮಠವೆಂಬ ಮಠವೊಂದಿತ್ತು. 'ಕೋಡಿ' ಎಂಬ ಮಾತೇ ಕೆರೆಯನ್ನು ನೆನಪಿಗೆ ತರುತ್ತದೆ. ಕಾಳಾಮುಖ ಶೈವ ಪರಂಪರೆಯ ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರು ಒಬ್ಬರ ನಂತರ ಒಬ್ಬರು ಇದನ್ನು ನಡೆಸಿದರು.

1162ರ ಶಾಸನವೊಂದು ಈ ಮಠದ ಕಾರ್ಯವನ್ನು ವಿವರಿಸುವ ರೀತಿ ಅಪೂರ್ವವಾದುದು. ಅದರ ಸಾರಾಂಶವನ್ನು ಇಲ್ಲಿ ಸಂಗ್ರಹಿಸಬಹುದು. ಅಲ್ಲಿ ನಾಲ್ಕು ವೇದಗಳನ್ನೂ ಅವುಗಳ ಅಂಗಗಳನ್ನೂ ಓದಿಸುತ್ತಿದ್ದರು. ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಾದಿ ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿದ್ದಿತು. ಆ ದರ್ಶನಗಳ ಸಾಲಿನಲ್ಲಿ ಬೌದ್ಧದರ್ಶನವೂ ಸೇರಿದೆ. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕಗಳಿಗೂ ಸ್ಥಾನವಿದ್ದಿತು. ಇಷ್ಟೇ ಆಗಿದ್ದರೆ ಅದೊಂದು ಉನ್ನತ ವಿದ್ಯಾಪೀಠವೆಂದು ಹೇಳಿ ಮುಗಿಸಬಹುದಾಗಿತ್ತು. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ನಿತ್ಯವೂ ಅನ್ನವನ್ನು ಪಡೆಯುತ್ತಿದ್ದರು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಕಥೆ ಹೇಳುವವರು ಉಣ್ಣುತ್ತಿದ್ದರು. ಜೈನ ಬೌದ್ಧ ಭಿಕ್ಷುಗಳೂ ಸೇರಿದಂತೆ ನಾನಾ ಪಂಥಗಳ ಸಂಚಾರಿಗಳು ಊಟ ಮಾಡುತ್ತಿದ್ದರು. ಗತಿಯಿಲ್ಲದ ರೋಗಿಗಳಿಗೆ ಅಲ್ಲಿ ಆಶ್ರಯವೂ ಚಿಕಿತ್ಸೆಯೂ ದೊರೆಯುತ್ತಿದ್ದುವು. ಸಕಲ ಜೀವಿಗಳಿಗೂ ಅಭಯ ನೀಡುವ ತಾಣವೆಂದು ಶಾಸನಕವಿ ಅದನ್ನು ಬಣ್ಣಿಸಿದ್ದಾನೆ.

ಶಾಸನಕವಿಗಳ ಮಾತಿನಲ್ಲಿ ಅತಿಶಯೋಕ್ತಿ ಇರುವುದುಂಟು. ಆದರೂ ಒಂದು ಕಾಲ ತನ್ನ ಮಠವನ್ನು ಯಾವ ಮಾತುಗಳಿಂದ ಹೊಗಳುತ್ತದೆ ಎಂಬುದೇ ಆ ಕಾಲದ ಆದರ್ಶವನ್ನು ತಿಳಿಸುತ್ತದೆ. ಮಠವೆಂದರೆ ಅನ್ನ, ಅಕ್ಷರ, ಔಷಧಗಳು ಒಂದೇ ಸೂರಿನಡಿಯಲ್ಲಿ ದೊರೆಯುವ ನೆಲೆ ಎಂಬ ಭಾವನೆ ನಿನ್ನೆ ಮೊನ್ನೆಯದಲ್ಲ. ಈ ಕೆರೆಯ ದಂಡೆಯಲ್ಲಿ ಎಂಟೂವರೆ ಶತಮಾನಗಳಿಗೂ ಹಿಂದೆ ಅದನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದರು.

1162 ಎಂಬ ವರ್ಷವೂ ವಿಚಾರಾರ್ಹವಾದುದು. ಆಗ ಆಳುತ್ತಿದ್ದವನು ಕಳಚುರ್ಯ ಬಿಜ್ಜಳ. ದಕ್ಷಿಣದ ನಾಡನ್ನು ಅಂಕೆಗೆ ತರಲೆಂದು ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ ಅವನು ಈ ಮಠಕ್ಕೆ ದತ್ತಿಯನ್ನು ಬಿಟ್ಟನು. ಅದೇ ಬಿಜ್ಜಳನ ಆಳಿಕೆಯಲ್ಲಿಯೇ ಕಲ್ಯಾಣದಲ್ಲಿ ಅವನ ಭಂಡಾರಿಯಾಗಿದ್ದ ಬಸವಣ್ಣನವರು ಕಾಯಕ ಮತ್ತು ದಾಸೋಹದ ತತ್ತ್ವವನ್ನು ಜನರ ಮುಂದಿಟ್ಟಿದ್ದರು. ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಹಸಿದವನಿಗೆ ಅನ್ನವಿಕ್ಕುವ ಎರಡು ಬಗೆಯ ಏರ್ಪಾಡುಗಳು ನಡೆದಿದ್ದುವು. ಒಂದು, ಅರಸನು ಬಿಟ್ಟ ಊರುಗಳ ಉತ್ಪನ್ನದಿಂದ ನಡೆಯುವಂಥದು. ಇನ್ನೊಂದು, ದುಡಿಯುವವನು ತನ್ನ ಬೆವರಿನ ಗಳಿಕೆಯಿಂದ ತಾನೇ ನಡೆಸುವಂಥದು. ಮೊದಲನೆಯದರಲ್ಲಿ ದಾನಿ ಮೇಲೆ, ಪಡೆಯುವವನು ಕೆಳಗೆ. ಎರಡನೆಯದರಲ್ಲಿ ಮಡಿವಾಳನೂ ಅಂಬಿಗನೂ ಸಮಗಾರನೂ ದಾಸೋಹಿಯಾಗಬಲ್ಲನು.

ಬಳ್ಳಿಗಾವಿ ಈ ಎರಡನ್ನೂ ಬಲ್ಲ ಊರು. ಹರಿಹರನ 'ಪ್ರಭುದೇವರ ರಗಳೆ'ಯಂತೆ ಅಲ್ಲಮಪ್ರಭುವಿನ ಊರು ಇದೇ. ಮದ್ದಳೆಯ ನಾದದಲ್ಲಿ ಮೈಮರೆತ ತರುಣನಾಗಿ ಅವನು ಬಾಳಿದುದು ಇಲ್ಲಿಯೇ. 15ನೆಯ ಶತಮಾನದ ಚಾಮರಸನು 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆಯ ಪ್ರಸಂಗವನ್ನು ಬನವಾಸಿಯ ಮಧುಕೇಶ್ವರನ ಗುಡಿಗೆ ಒಯ್ದಿದ್ದಾನೆ. ಎರಡು ಕಥನಗಳಲ್ಲಿ ವ್ಯತ್ಯಾಸವಿದ್ದರೂ ಎರಡೂ ಈ ದಾರಿಯ ಮೇಲಿನ ಊರುಗಳೇ. ಹಾಡುವವರಿಗೂ ವಾದ್ಯ ನುಡಿಸುವವರಿಗೂ ಕೋಡಿಯಮಠ ಅನ್ನವಿಕ್ಕುತ್ತಿದ್ದ ಊರಿನಲ್ಲಿ ಮದ್ದಳೆಕಾರನೊಬ್ಬ ಹುಟ್ಟಿ, ಶೂನ್ಯಸಿಂಹಾಸನದ ಅಧ್ಯಕ್ಷನಾದನೆಂಬ ಪರಂಪರೆಯ ಮಾತನ್ನು ಆ ಕೆರೆಯ ದಂಡೆಯಲ್ಲಿ ನಿಂತು ನೆನೆಯುವುದು ಹಿತಕರ.

ಆದರೆ ಕೋಡಿಯಮಠ ಈಗ ಎಲ್ಲಿದೆ? ಕೇದಾರೇಶ್ವರನ ಗುಡಿ ಉಳಿದಿದೆ, ಶಾಸನಗಳು ಉಳಿದಿವೆ; ವಿದ್ಯಾರ್ಥಿಗಳು ಕುಳಿತು ಓದಿದ ಪಡಸಾಲೆ ಉಳಿದಿಲ್ಲ, ರೋಗಿಗಳು ಮಲಗಿದ್ದ ಜಾಗ ಉಳಿದಿಲ್ಲ, ಅಡುಗೆಯ ಒಲೆ ಉಳಿದಿಲ್ಲ. ಚಾಲುಕ್ಯರ ತರುವಾಯ ಕಳಚುರ್ಯರು, ಹೊಯ್ಸಳರು, ಸೇವುಣರು ಈ ನಾಡಿಗಾಗಿ ಕಾದಾಡಿದರು. ರಾಜಕಾರಣದ ಕೇಂದ್ರ ಬೇರೆಡೆಗೆ ಸರಿಯಿತು. ಅರಸರ ದತ್ತಿಯನ್ನು ನೆಚ್ಚಿ ನಿಂತ ಸಂಸ್ಥೆಗಳು ಅರಸರೊಡನೆಯೇ ಕ್ಷೀಣಿಸಿದುವು. ಕಾಳಾಮುಖ ಮಠಗಳಲ್ಲಿ ಹಲವು ಕಾಲಕ್ರಮದಲ್ಲಿ ವೀರಶೈವ ಮಠಗಳಾಗಿ ಪರಿವರ್ತನೆ ಹೊಂದಿದುವೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಕಟ್ಟಡ ಅಳಿದರೂ ಕಾರ್ಯ ಅಳಿಯಲಿಲ್ಲ. 20ನೆಯ ಶತಮಾನದಲ್ಲಿ, ಹಳ್ಳಿಹಳ್ಳಿಯ ಒಕ್ಕಲಿನ ಮನೆಯಿಂದ ಬಂದ ಜೋಳ, ರಾಗಿ, ಅಕ್ಕಿಗಳಿಂದ, ಸ್ವಾಮಿಗಳ ಜೋಳಿಗೆಗೆ ಬಿದ್ದ ಕಾಣಿಕೆಯಿಂದ, ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳು ಬೆಳೆದುವು. ಬಡವರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಪಂಕ್ತಿಯಲ್ಲಿ ಕುಳಿತು ಉಂಡರು, ಓದಿದರು. ಕೋಡಿಯಮಠದ ಕಾರ್ಯವನ್ನು ಕಲ್ಯಾಣದ ಬಗೆಯಲ್ಲಿ ನಡೆಸಿದುದೇ ಈ ಪ್ರಸಾದನಿಲಯಗಳ ಹಿರಿಮೆ ಎಂದರೆ ತಪ್ಪಾಗದು.

ಬಳ್ಳಿಗಾವಿಯಿಂದ ಹಳ್ಳಿಗಳ ನಡುವಣ ದಾರಿ ಹಿಡಿದು ಬಂದಳಿಕೆಗೆ ಬಂದರೆ, ಊರೊಂದು ಸಂಪೂರ್ಣವಾಗಿ ಬರಿದಾದಾಗ ಹೇಗಿರುತ್ತದೆಂಬುದನ್ನು ಕಾಣಬಹುದು. ನಾಗರಖಂಡ ಎಪ್ಪತ್ತರ ಮುಖ್ಯಸ್ಥಳವಾಗಿದ್ದ ಬಾಂಧವಪುರ ಅಥವಾ ಬಂದಣಿಕೆ ಇದು. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ದೇವಾಲಯ, ಸೋಮೇಶ್ವರ ದೇವಾಲಯಗಳು ಮರಗಿಡಗಳ ನಡುವೆ ಮೌನವಾಗಿ ನಿಂತಿವೆ. ಸೋಮೇಶ್ವರನ ಬಾಗಿಲಿನ ಇಬ್ಬದಿಯ ಜಾಲಂಧ್ರಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ದೃಶ್ಯಗಳನ್ನು ಕೊರೆದಿರುವ ಸೂಕ್ಷ್ಮತೆ ಕಣ್ಣನ್ನು ಸೆರೆಹಿಡಿಯುತ್ತದೆ. 10ನೆಯ ಶತಮಾನದ ಆದಿಭಾಗದ ಇಲ್ಲಿಯ ಶಾಸನವೊಂದು ಜಕ್ಕಿಯಬ್ಬೆ ಎಂಬ ಮಹಿಳೆಯನ್ನು ಹೆಸರಿಸುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ನಾಳ್ಗಾವುಂಡನಾಗಿದ್ದ ಪತಿ ನಾಗಾರ್ಜುನನು ಮಡಿದಾಗ ಆ ಅಧಿಕಾರವನ್ನು ಆಕೆಗೆ ಕೊಡಲಾಯಿತು. ಆಕೆ ನಾಗರಖಂಡ ಎಪ್ಪತ್ತನ್ನು ಸಮರ್ಥವಾಗಿ ಆಳಿ, ರೋಗ ಬಾಧಿಸಿದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಇಲ್ಲಿಯ ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದಳು. ಅಕ್ಕನಿಗಿಂತ ಎರಡು ಶತಮಾನಗಳಿಗೂ ಹಿಂದೆ ಇದೇ ನೆಲದಲ್ಲಿ ಒಬ್ಬ ತಾಯಿ ಆಡಳಿತದ ಹೊಣೆಯನ್ನು ಹೊತ್ತು, ಅದನ್ನು ಕ್ರಮವಾಗಿ ಇಳಿಸಿದಳೆಂಬುದು ನಾವು ಮರೆಯಬಾರದ ಸಂಗತಿ.

ಅಲ್ಲಿಂದ ಸೊರಬ ಸೀಮೆಯ ಹಳ್ಳಿಗಳನ್ನು ದಾಟಿ ಸಂಜೆಯ ಹೊತ್ತಿಗೆ ವರದಾ ನದಿಯ ದಡದ ಬನವಾಸಿಯನ್ನು ಸೇರಬಹುದು. ಆದಿಕವಿ ಪಂಪನು 941ರಲ್ಲಿ ರಚಿಸಿದ ತನ್ನ ಕಾವ್ಯದಲ್ಲಿ ಹಂಬಲಿಸಿ ಹಾಡಿದ ನಾಡು ಇದು. ಮಧುಕೇಶ್ವರ ದೇವಾಲಯದ ಪ್ರಾಕಾರದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಮೇಲೆ ಕದಂಬರಿಗೂ ಹಿಂದಿನ ಚುಟು ವಂಶದ ಕಾಲದ ಪ್ರಾಕೃತ ಬರಹವಿದೆ. ಅರಸನ ಮಗಳು ಶಿವಸ್ಕಂದನಾಗಶ್ರೀ ಮಾಡಿದ ದಾನವನ್ನು ಅದು ಹೇಳುತ್ತದೆ: ಒಂದು ನಾಗ, ಒಂದು ಕೆರೆ, ಒಂದು ವಿಹಾರ. ಕಲ್ಲನ್ನು ಕಡೆದ ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ. ತಾಳಗುಂದದಲ್ಲಿ ಕಂಡ ಕೆರೆಯ ಮಾತು ಅದಕ್ಕಿಂತಲೂ ಹಳೆಯದಾದ ಈ ಕಲ್ಲಿನಲ್ಲಿಯೂ ಇದೆ. ಕುಡಿಯಲು ನೀರು, ಇರಲು ನೆಲೆ: ಇವನ್ನು ಏರ್ಪಡಿಸಿದವರ ಹೆಸರನ್ನು ಉಳಿಸಬೇಕೆಂಬುದೇ ಈ ನಾಡಿನ ಪ್ರಾಚೀನ ಬರಹಗಳ ಕಾಳಜಿ.

1902ರಲ್ಲಿ ಬಿ. ಎಲ್. ರೈಸರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಅಂದಿನಿಂದ ವಿದ್ವಾಂಸರು ಇವುಗಳನ್ನು ಓದುತ್ತ ಬಂದಿದ್ದಾರೆ. ಆದರೆ ಕಲ್ಲಿನ ಮೇಲಿನ ಮಾತು ವಿದ್ವಾಂಸರ ಸೊತ್ತಾಗಿ ಮಾತ್ರ ಉಳಿಯಬಾರದು. ಈ ಸೀಮೆಯ ಹಲವು ಕೆರೆಗಳಲ್ಲಿ ಹೂಳು ತುಂಬಿದೆ, ಹಲವು ಶಾಸನಕಲ್ಲುಗಳು ಮಳೆಬಿಸಿಲಿಗೆ ಸವೆಯುತ್ತಿವೆ. ದತ್ತಿ ಬಿಟ್ಟವರು 'ಇದನ್ನು ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಪಾಪ' ಎಂಬರ್ಥದ ಮಾತನ್ನು ಅನೇಕ ಶಾಸನಗಳ ಕೊನೆಯಲ್ಲಿ ಬರೆಯಿಸುತ್ತಿದ್ದರು. ತಾವು ಕಟ್ಟಿದ್ದು ತಮ್ಮಿಂದಲೇ ಉಳಿಯದೆಂಬ ಅರಿವು ಅವರಿಗಿದ್ದಿತು. ಮುಂದೆ ಬರುವವರನ್ನು ನಂಬಿಯೇ ಅವರು ಕೆರೆ ಕಟ್ಟಿದರು, ಮಠ ನಡೆಸಿದರು.

ಮಠದ ಅನ್ನವನ್ನು ಉಂಡು ದೂರದ ಊರುಗಳಲ್ಲಿ ನೆಲೆಸಿರುವ ಸದ್ಭಕ್ತರು ರಜೆಯ ದಿನಗಳಲ್ಲಿ ತಮ್ಮ ಮಕ್ಕಳೊಡನೆ ಈ ದಾರಿಯಲ್ಲೊಮ್ಮೆ ಸಾಗಬೇಕು. ಕೇದಾರೇಶ್ವರನ ಗುಡಿಯ ಬಳಿ ಕೆಲಹೊತ್ತು ಕುಳಿತು, ಕೋಡಿಯಮಠದಲ್ಲಿ ಯಾರಾರು ಉಣ್ಣುತ್ತಿದ್ದರೆಂಬ ಪಟ್ಟಿಯನ್ನು ಮಕ್ಕಳಿಗೆ ಹೇಳಬೇಕು. ಆ ಪಟ್ಟಿಯನ್ನು ಕೇಳಿ, ಇಂದು ಅದಕ್ಕೆ ಇನ್ನೂ ಯಾರು ಸೇರಬೇಕು, ಅದನ್ನು ನಡೆಸುವ ಹೊಣೆ ಯಾರದು ಎಂದು ಅವರೇ ಕೇಳಿದರೆ, ಈ ಸಣ್ಣ ಪ್ರವಾಸ ಸಾರ್ಥಕವಾದಂತೆ.